ಸೋಸಿದ ಪಟ್ಟಿ, ಹಸಿ ಪಟ್ಟಿ

ಅಳಿಸುವ ಮೊದಲು ಸೋಸಿದ ಪಟ್ಟಿಯನ್ನು ಒಂದು ಸಲ ನೋಡು ಎಂದು ನನ್ನ ತಂಗಿ ಹೇಳಿದ್ದಳು. ನಾನು ನೋಡಲಿಲ್ಲ. ಆಮೇಲೆ ಅವಳು, 'ನೋಡ್ದೆ ತಾನೇ ಅಣ್ಣ?' ಎಂದು ಕೇಳಿದಾಗ 'ನೋಡ್ದೆ ಕಣಮ್ಮ' ಎಂದೆ. ನೋಡದೆ ಇದ್ದದ್ದಕ್ಕೆ ಮರೆವು, ಸೋಮಾರಿತನ, ಏನು ಬೇಕಾದರೂ ಅನ್ನಬಹುದು. ನೋಡಿದೆ ಅಂದದ್ದು ಸುಳ್ಳು.

ಅಂಗಡಿ ಇರುವುದು ಬನ್ನಿಮಂಟಪದ ಕಡೆಯ ಒಂದು ಅಡ್ಡರಸ್ತೆಯಲ್ಲಿ. ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು ನನ್ನ ಕೆಲಸ. ಅಪ್ಪ ತೀರಿಕೊಂಡಾಗ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಒಂದು ಕ್ಯಾಸೆಟ್ ಅಂಗಡಿಗೆ ಸೇರಿದ್ದೆ. ಬೇಕಾದ ಹಾಡುಗಳನ್ನು ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವ ಕಾಲ ಅದು. ಆ ಕಾಲ ಮುಗಿದು ಮಾಲೀಕರು ಬಾಗಿಲು ಹಾಕಿದಾಗ ಕ್ಯಾಸೆಟ್ ಓಡಿಸುವ ಡೆಕ್‌ಗಳನ್ನು ನನಗೇ ಕೊಟ್ಟು ಹೋದರು. ಈಗ ಜನ ಬೀರುವಿನ ತಳದಲ್ಲಿ ಸಿಕ್ಕ ಕ್ಯಾಸೆಟ್ಟುಗಳನ್ನು ತರುತ್ತಾರೆ. ಮದುವೆ, ಚರ್ಚಿನಲ್ಲಿ ಮಕ್ಕಳ ಮೊದಲ ಪರಮಪ್ರಸಾದ, ಕೂಸಿನ ತೊದಲು, ಗಲ್ಫಿಗೆ ಹೋದವರು ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ಟುಗಳು. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲೇ ನನ್ನ ವಾಸ. ಮದುವೆಯಾಗಲಿಲ್ಲ. ಅಮ್ಮ ಹೋಗಿ ಬಹಳ ವರ್ಷವಾಯಿತು.

ತಂಗಿ ನನಗಿಂತ ತುಂಬ ಚಿಕ್ಕವಳು. ಅಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದರಿಂದ ಅವಳಿಗೆ ಜಡೆ ಹಾಕಿದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ನಾನೇ. ಡಿಪ್ಲೊಮಾ ಓದಿ, ಕಂಪ್ಯೂಟರನ್ನು ತನ್ನಷ್ಟಕ್ಕೆ ತಾನೇ ಇನ್ನೂ ಹೆಚ್ಚು ಕಲಿತಳು. ಇಲವಾಲದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಅಲ್ಲೇ ರೂಮು ಮಾಡಿದಳು. ಆದರೂ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ನೇರ ಅಂಗಡಿಗೆ ಬರುವಳು. ನಾನು ಮೀನು ತಂದು ಸಾರು ಮಾಡಿಟ್ಟಿರುತ್ತಿದ್ದೆ. ಅವಳು ಊಟಕ್ಕೆ ಮುಂಚೆ, ಊಟದ ಮಧ್ಯೆ, ಊಟದ ನಂತರ ಆ ಕಂಪ್ಯೂಟರಿನ ಮುಂದೆ ಇರುತ್ತಿದ್ದಳು.

ಅದು ಯಾರೋ ಬೇಡವೆಂದು ಕೊಟ್ಟ ಹಳೇ ಯಂತ್ರ. ಮೌಸ್ ಹಿಡಿದು ಒಂದು ಫೋಲ್ಡರ್ ತೆರೆದರೆ ನಾವು ಕಾಫಿ ಕುಡಿದು ಬರಬಹುದಿತ್ತು. ಅದಕ್ಕೇ ಅವಳು ಟರ್ಮಿನಲ್ ಎಂಬ ಕಪ್ಪು ಕಿಟಕಿಯೊಂದನ್ನು ಮಾತ್ರ ಇಟ್ಟು, ನನ್ನ ಕೆಲಸಕ್ಕೆ ಬೇಕಾದ ಪ್ರೋಗ್ರಾಮನ್ನು ತಾನೇ ಬರೆದಳು. ಕ್ಯಾಸೆಟ್ ಓಡಿ ಮುಗಿದ ಮೇಲೆ ಅದು 'ಹೆಸರು?' ಎಂದು ಕೇಳುತ್ತದೆ. ನಾನು ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಬೇಕಾದಾಗ ಪಟ್ಟಿ ಕೇಳಿದರೆ, ಮೊದಲು ಮಾಡಿದ್ದು ಮೇಲೆ, ಇತ್ತೀಚಿನದು ಕೆಳಗೆ, ಹೆಸರುಗಳು ಒಂದರ ಕೆಳಗೊಂದು ಬರುತ್ತವೆ. ಒತ್ತಕ್ಷರಗಳು ಅಲ್ಲಲ್ಲಿ ಕಳಚಿ ಬಿದ್ದಂತೆ ಕಾಣುತ್ತಿದ್ದರೂ ಓದಲು ತೊಂದರೆ ಇರಲಿಲ್ಲ.

ಆದರೆ ಪಟ್ಟಿ ಎರಡು ಬಗೆ. ಒಂದನ್ನು ಅವಳು 'ಸೋಸಿದ ಪಟ್ಟಿ' ಎನ್ನುತ್ತಿದ್ದಳು, ಇನ್ನೊಂದನ್ನು 'ಹಸಿ ಪಟ್ಟಿ'. ಸೋಸಿದ್ದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕಂಸದಂಥ ಚಿಹ್ನೆ ಬಿಟ್ಟು ಮಿಕ್ಕಿದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಬರುತ್ತಿತ್ತು. ನನ್ನ ಕನ್ನಡ ಹೆಸರುಗಳೂ ಅಷ್ಟೇ, ಸಾಲು ಸಾಲು ಕೊಕ್ಕೆಗಳು.

'ಇದನ್ನ ಎಂಗೆ ಓದ್ಲಿ?' ಎಂದು ಕೇಳಿದ್ದೆ.

'ಓದೋಕಲ್ಲ ಅಣ್ಣ, ಎಣಿಸೋಕೆ. ಕನ್ನಡ ಬಿಟ್ಟು ಬರೀ ಕಸ ಮಾತ್ರ ಸೋಸೋ ಹಂಗೆ ಆಮೇಲೆ ಮಾಡ್ಕೊಡ್ತೀನಿ. ಅಲ್ಲೀವರ್ಗೂ ಓದೋಕೆ ಹಸಿ ಪಟ್ಟಿ ನೋಡು. ಏನಾದ್ರೂ ಅಳಿಸೋ ಮುಂಚೆ ಮಾತ್ರ ಸೋಸಿದ್ದು ನೋಡಿ ಸಾಲು ಎಣಿಸು. ಎರಡರಲ್ಲೂ ಒಂದೇ ಲೆಕ್ಕ ಬರ್ಬೇಕು.'

'ಹೆಸರಲ್ಲಿ ಕಸ ಎಲ್ಲಿಂದ ಬರುತ್ತೆ?'

'ಎಲ್ಲಿಂದ ಬೇಕಾದ್ರೂ. ಟರ್ಮಿನಲ್‌ಗೆ ಹೋಗೋದೆಲ್ಲ ಅಕ್ಷರ ಅಲ್ಲ. ಮೇಲಕ್ಕೆ ಹೋಗು, ಬಣ್ಣ ಬದಲಾಯಿಸು, ಇದನ್ನ ಒರೆಸು ಅಂತ ಹೇಳೋ ಗುರುತುಗಳೂ ಇರ್ತವೆ. ಎಸ್ಕೇಪ್ ಸೀಕ್ವೆನ್ಸ್ ಅಂತಾರೆ. ಅಂಥದ್ದು ಒಂದು ಫೈಲಿನ ಹೆಸರೊಳಗೆ ಸೇರ್ಕೊಂಡ್ರೆ, ಪಟ್ಟಿ ತೋರಿಸುವಾಗ ಟರ್ಮಿನಲ್ ಅದನ್ನ ಹೆಸರು ಅಂತ ತಿಳ್ಕೊಳಲ್ಲ. ಹೇಳ್ದಂಗೆ ಮಾಡ್ಬುಡುತ್ತೆ.'

ನನ್ನ ಮುಖ ನೋಡಿ ಅವಳಿಗೆ ನಗು ಬಂತು. 'ಪೂಜೆ ಪುಸ್ತಕದ ಕೆಂಪಕ್ಷರ ಜ್ಞಾಪಕ ಇದ್ಯಾ?'

ಹೇಗೆ ಮರೆಯಲಿ? ಪೂಜೆಯ ಪುಸ್ತಕದಲ್ಲಿ ಓದಬೇಕಾದ್ದು ಕಪ್ಪಿನಲ್ಲೂ, ಮಾಡಬೇಕಾದ್ದು ಕೆಂಪಿನಲ್ಲೂ ಇರುತ್ತದೆ. ಚಿಕ್ಕವನಿದ್ದಾಗ ನನ್ನನ್ನು ವಾಚನಕ್ಕೆ ನಿಲ್ಲಿಸಿದ್ದರು. ನಾನು ಗಟ್ಟಿ ದನಿಯಲ್ಲಿ 'ಎಲ್ಲರೂ ಎದ್ದು ನಿಲ್ಲುವರು' ಎಂದು ಅದನ್ನೂ ಓದಿಬಿಟ್ಟೆ. ಮುಂದಿನ ಬೆಂಚಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕದ್ದನ್ನು ಅಮ್ಮ ಸಾಯುವವರೆಗೆ ಹೇಳುತ್ತಿದ್ದಳು.

'ನೀನು ಮಾಡೋದನ್ನ ಓದ್ಬುಟ್ಟೆ. ಇದು ಓದೋದನ್ನ ಮಾಡ್ಬುಡುತ್ತೆ, ಅಷ್ಟೇ' ಎಂದಳು ತಂಗಿ.

ನಕ್ಕೆ. ಅರ್ಥವೂ ಆಯಿತು. ಆದರೆ ನನ್ನ ಅಂಗಡಿಯ ಹೆಸರುಗಳನ್ನೆಲ್ಲ ಟೈಪ್ ಮಾಡುವವನು ನಾನೊಬ್ಬನೇ, ನಾನು ಯಾವ ಕಸ ಹಾಕುತ್ತೇನೆ ಎಂದು ಒಳಗೇ ಅಂದುಕೊಂಡೆ. ಸೋಸಿದ ಪಟ್ಟಿಯನ್ನು ಮೊದಲ ಕೆಲವು ವಾರ ನೋಡಿದೆ. ಆಮೇಲೆ ಬಿಟ್ಟೆ.

ಅಶೋಕಪುರಂ ಕಡೆಯಿಂದ ಒಬ್ಬ ತಾತ ಬರುತ್ತಿದ್ದರು. ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸಿದವರು. ಮದುವೆ ಮೆರವಣಿಗೆ, ಹಬ್ಬದ ತೇರು, ಶವದ ಮುಂದೆ, ಎಲ್ಲದಕ್ಕೂ ಊದಿದವರು. ಈಗ ಹಲ್ಲಿಲ್ಲ.

'ಕಟ್ಟಿಸ್ಕೊಂಡಿದೀನಿ ಕಣಪ್ಪ. ಆದ್ರೆ ಊದಿದ್ರೆ ಸ್ವರಕ್ಕಿಂತ ಮುಂಚೆ ಹಲ್ಲೇ ಈಚೆಗೆ ಬತ್ತದೆ' ಎಂದು ಹೇಳಿ, ಕಟ್ಟಿಸಿದ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿ ತಂಗಿಯನ್ನು ನಗಿಸಿದ್ದರು.

ಅವರ ಹತ್ತಿರ ಒಂದೇ ಕ್ಯಾಸೆಟ್ ಇತ್ತು. ಯಾವುದೋ ಮದುವೆ ಮನೆಯಲ್ಲಿ, ಊಟವಾದ ಮೇಲೆ ಬ್ಯಾಂಡಿನವರೆಲ್ಲ ಚಾಪೆ ಹಾಸಿ ಮಲಗಿದ್ದಾಗ ಅವರೊಬ್ಬರೇ ಕೂತು ನುಡಿಸಿದ್ದು. ಮದುವೆ ಮನೆಯ ಯಾರೋ ಟೇಪ್ ರೆಕಾರ್ಡರ್ ಒತ್ತಿದ್ದರು. 'ಮೆರವಣಿಗೇಲಿ ಊದೋದೆಲ್ಲ ಜನಕ್ಕೆ. ಇದೊಂದೇ ನಂಗೋಸ್ಕರ ಊದಿದ್ದು' ಎಂದರು ತಾತ. ಮೊಮ್ಮಗಳು ಕ್ಲಾರಿನೆಟ್ ಕಲಿಯುತ್ತೇನೆ ಅನ್ನುತ್ತಿದ್ದಾಳಂತೆ. ಅವಳಿಗೆ ಕೇಳಿಸಬೇಕು.

ಕ್ಯಾಸೆಟ್ಟಿನ ಒಳಗೆಲ್ಲ ಬೂಷ್ಟು. ತಂಗಿ ಒಂದು ಭಾನುವಾರ ಇಡೀ ಅದನ್ನು ಬಿಚ್ಚಿ, ಒರೆಸಿ, ಬೇರೆ ಡಬ್ಬಿಗೆ ಸುತ್ತಿ ಡೆಕ್ಕಿಗೆ ಹಾಕಿದಳು. ಅದು ಓಡುತ್ತಾ ಓಡುತ್ತಾ ಹಿಂದೆಯೇ ಪುಡಿಯುದುರಿಸುತ್ತಿತ್ತು. ಕೊನೆಯ ಸ್ವರ ಮುಗಿದು ಸ್ವಲ್ಪ ಹೊತ್ತಿಗೆ ಪಟ್ಟನೆ ತುಂಡಾಯಿತು. ಇನ್ನೊಮ್ಮೆ ಓಡಿಸುವ ಸ್ಥಿತಿಯಲ್ಲಿ ಇರಲಿಲ್ಲ. ಆದರೆ ಪೂರ್ತಿ ಸಿಕ್ಕಿತ್ತು. ತಂಗಿ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದಳು. ಹಿಂದೆ ಎಲ್ಲೋ ಪಾತ್ರೆ ತೊಳೆಯುವ ಸದ್ದು, ಮುಂದೆ ಆ ಕ್ಲಾರಿನೆಟ್. ಅದನ್ನು ಕೇಳಿದ ಕೊನೆಯವರು ನಾವಿಬ್ಬರೇ ಎಂದು ಆಗ ಗೊತ್ತಿರಲಿಲ್ಲ.

'ಬ್ಯಾಂಡ್ ತಾತ' ಎಂದು ಹೆಸರಿಟ್ಟೆ. ತಾತ ಕಣ್ಣಿನ ಆಪರೇಷನ್ನಿಗೆ ಮಗಳ ಮನೆಗೆ ಹೋಗಿದ್ದರು. ಬಂದ ಮೇಲೆ ಪೆನ್‌ಡ್ರೈವ್ ತರುತ್ತೇನೆ ಎಂದಿದ್ದರು.

ಆ ವಾರ ಒಬ್ಬ ಟೈಲರಮ್ಮನ ಮದುವೆಯ ಕ್ಯಾಸೆಟ್ಟೂ ಇತ್ತು. ಒಂದನೇ ಭಾಗವನ್ನು ತಾತನದಕ್ಕಿಂತ ಮೊದಲು ಮುಗಿಸಿದ್ದೆ. ಎರಡನೇ ಭಾಗ ತಾತನದರ ನಂತರ. 'ಹೆಸರು?' ಎಂದು ಕೇಳಿತು. ಆ ಕಪ್ಪು ಕಿಟಕಿಯಲ್ಲಿ ತಂಗಿ ಕಲಿಸಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ. ಮೇಲ್ಮುಖದ ಬಾಣದ ಕೀ ಒತ್ತಿದರೆ ಹಿಂದೆ ಟೈಪ್ ಮಾಡಿದ್ದು ತಾನೇ ಬರುತ್ತದೆ. ನನ್ನಂಥ ನಿಧಾನದವನಿಗೆ ಅದು ವರ. 'ಟೈಲರಮ್ಮನ ಮದುವೆ' ಎಂದು ಮತ್ತೆ ಕುಟ್ಟುವ ಬದಲು ಬಾಣ ಒತ್ತಿದೆ. ಹೆಸರು ಕೇಳುವ ಜಾಗದಲ್ಲಿ ಆ ಸೌಲಭ್ಯ ಇಲ್ಲವೆಂದು ನನಗೆ ಗೊತ್ತಿರಲಿಲ್ಲ. ಏನೋ ಹುಳ ಹರಿದಂತೆ ನಾಲ್ಕು ಗುರುತು ಮೂಡಿದವು. ಬರಲಿಲ್ಲ ಎಂದುಕೊಂಡು, ಅದರ ಮುಂದೆಯೇ ಪೂರ್ತಿ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ. ಮೇಲಕ್ಕೆ ಹೋಗು ಎಂಬ ಗುರುತು ಆ ಹೆಸರಿನ ತಲೆಯಲ್ಲೇ ಕೂತಿತು.

ಶನಿವಾರ ಕಂಪ್ಯೂಟರಿನಲ್ಲಿ ಜಾಗ ಖಾಲಿ ಮಾಡಲೆಂದು ಹಸಿ ಪಟ್ಟಿ ತೆಗೆದೆ. ಟೈಲರಮ್ಮನ ಒಂದನೇ ಭಾಗ, ಅದರ ಕೆಳಗೆ ಎರಡನೇ ಭಾಗ, ಹಾಗೇ ಮುಂದಕ್ಕೆ. ನಡುವೆ ಒಂದು ಖಾಲಿ ಸಾಲೂ ಇರಲಿಲ್ಲ. ಕಂಡವರೆಲ್ಲ ತಮ್ಮ ತಮ್ಮದನ್ನು ಒಯ್ದವರೇ. ತಾತನದು ಇರಬೇಕಲ್ಲ ಎಂದು ನೆನಪಾಗಬೇಕಿತ್ತು. ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿ ಕರೆಯುತ್ತಿದ್ದರು. ಎಲ್ಲವನ್ನೂ ಅಳಿಸು ಎಂದು ಆಜ್ಞೆ ಕೊಟ್ಟು ಎದ್ದೆ.

ತಾತ ಕಪ್ಪು ಕನ್ನಡಕ ಹಾಕಿಕೊಂಡು, ಹೊಸ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಾಗ ಎಲ್ಲೂ ಅದು ಇರಲಿಲ್ಲ. ಹುಡುಕಿದೆ. ಆ ಜಾಗದಲ್ಲಿ ಆಗಲೇ ಬೇರೆ ಕ್ಯಾಸೆಟ್ಟುಗಳು ತುಂಬಿಕೊಂಡಿದ್ದವು.

'ತಾತ, ಇದು ನನ್ನ ತಂಗಿ ಮನೇಲಿ ಬರೆದ ಪ್ರೋಗ್ರಾಮು. ಕಂಪ್ನಿದಲ್ಲ. ಎಲ್ಲೋ ನುಂಗ್ಬುಟ್ಟಿದೆ.'

ತಾತ ಪೆನ್‌ಡ್ರೈವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು. 'ಓಗ್ಲಿ ಬುಡಪ್ಪ' ಎಂದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡರು.

ಭಾನುವಾರ ತಂಗಿ ಬಂದಾಗ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಮೊದಲೇ ಬರೆದಿದ್ದೇನೆ. ಅವಳು ಇನ್ನೊಮ್ಮೆ ಕೇಳಲಿಲ್ಲ. ಅಣ್ಣ ನೋಡಿದೆ ಎಂದರೆ ನೋಡಿದ್ದಾನೆ. ಹಾಗಾದರೆ ತಪ್ಪು ತನ್ನ ಪ್ರೋಗ್ರಾಮಿನಲ್ಲೇ ಇರಬೇಕು. ಆ ದಿನ ಮೀನು ಸಾರು ಹಾಗೇ ಉಳಿಯಿತು. ಮುಂದಿನ ಭಾನುವಾರಗಳಲ್ಲೂ ಅವಳು ಒಂದೊಂದು ಸಾಲನ್ನೂ ಬೆರಳಿಟ್ಟು ಓದುತ್ತಾ ಇಲ್ಲದ ತಪ್ಪನ್ನು ಹುಡುಕಿದಳು. ತಾತನ ಮನೆಗೆ ಹೋಗಿ, ನನ್ನಿಂದಾಯ್ತು ಎಂದು ಕೈ ಮುಗಿದು ಬಂದಳು. ಆಮೇಲೆ ಕಂಪ್ಯೂಟರ್ ಮುಟ್ಟುವುದನ್ನು ಬಿಟ್ಟಳು. ಆಮೇಲೆ ಬರುವುದೂ ಅಪರೂಪವಾಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅನ್ನುತ್ತಿದ್ದಳು. ಒಬ್ಬನಿಗೆ ಮೀನು ತರುವುದು ನನಗೂ ಬೇಡವೆನಿಸಿತು.

ಒಂಟಿತನ ನನಗೆ ಹೊಸದಲ್ಲ. ಆದರೆ ಬೇರೆಯವರ ಮನೆಯ ಸಂತೋಷವನ್ನು ಇಡೀ ದಿನ ಕಿವಿಗೆ ಹಾಕಿಕೊಂಡು ಕೂರುವ ಕೆಲಸ ನನ್ನದು. ಯಾರದೋ ಆರತಿಯ ಹಾಡು, ಯಾರದೋ ಅಜ್ಜಿ ಮಕ್ಕಳನ್ನು ಬೈಯುವುದು, ಯಾರೋ ಯಾರನ್ನೋ ಊಟಕ್ಕೆ ಕೂಗುವುದು. ಸಂಜೆ ಹೆಡ್‌ಫೋನ್ ತೆಗೆದರೆ ಫ್ಯಾನಿನ ಸದ್ದು ಮಾತ್ರ. ಮೊದಲೆಲ್ಲ ಅದು ಕೇಳಿಸುತ್ತಲೇ ಇರಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾದಾಗ ಒಂದು ಮಧ್ಯಾಹ್ನ, ಒಬ್ಬರ ಮೂರು ಕ್ಯಾಸೆಟ್ ಮುಗಿಸಿ ಪಟ್ಟಿ ತೆಗೆದರೆ ಎರಡೇ ಹೆಸರು ಇದ್ದವು. ನಡುವಿನದನ್ನು ಈಗ ತಾನೇ ನನ್ನ ಕೈಯಾರೆ ಮಾಡಿದ್ದೆ. ಸೋಸಿದ ಪಟ್ಟಿ ಒತ್ತಿದೆ. ಮೂರು ಸಾಲು ಬಂದವು. ಮೂರನೆಯದರ ಶುರುವಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ಚೌಕದ ಕಂಸ, ಒಂದು ಇಂಗ್ಲಿಷ್ ಎ. ಮೂರನೆಯ ಕ್ಯಾಸೆಟ್ಟಿಗೆ ಬಾಣ ಒತ್ತಿದ್ದು ಜ್ಞಾಪಕವಾಯಿತು. ಬೇಕೆಂದೇ ಇನ್ನೊಂದು ಹೆಸರಿಗೆ ಬಾಣ ಒತ್ತಿ ಹಸಿ ಪಟ್ಟಿ ತೆಗೆದೆ. ಅದರ ಹಿಂದಿನದು ನನ್ನ ಕಣ್ಣೆದುರೇ ಮಾಯ. ಹೊಸ ಹೆಸರು ಒಂದು ಸಾಲು ಮೇಲೆ ಹೋಗಿ ಹಳೇ ಹೆಸರಿನ ಮೇಲೆ ಕೂತಿತ್ತು. ಫೈಲು ಎಲ್ಲೂ ಹೋಗಿರಲಿಲ್ಲ. ತಾತನದೂ ಅಂದು ಎಲ್ಲೂ ಹೋಗಿರಲಿಲ್ಲ. ಕಾಣಿಸದೆ ಅಲ್ಲೇ ಇತ್ತು. ಸೋಸಿದ ಪಟ್ಟಿ ಒತ್ತಿದ್ದರೆ ಒಂದು ಸಾಲು ಹೆಚ್ಚು ಬರುತ್ತಿತ್ತು.

ಆವತ್ತೇ ತಂಗಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಬಾಣದ ವಿಷಯ ಹೇಳಿದರೆ ಸೋಸಿದ ಪಟ್ಟಿಯ ವಿಷಯವೂ ಹೇಳಬೇಕು.

ಬದಲಿಗೆ ಚರ್ಚಿನಲ್ಲಿ ಗುರುಗಳ ಹತ್ತಿರ ಪಾಪನಿವೇದನೆಗೆ ಹೋದೆ.

'ಸುಳ್ಳು ಹೇಳಿದೀನಿ ಸ್ವಾಮಿ.'

'ಯಾರಿಗಪ್ಪ?'

'ತಂಗಿಗೆ.'

'ಅವಳಿಗೆ ಹೇಳಿದ್ಯಾ?'

'ಇಲ್ಲ ಸ್ವಾಮಿ. ಇಲವಾಲದಲ್ಲಿದಾಳೆ.'

ಗುರುಗಳು ಜಾಲರಿಯ ಹತ್ತಿರ ಬಗ್ಗಿದರು. 'ಇಲವಾಲಕ್ಕೆ ಬಸ್ಸಿಲ್ವೇನಪ್ಪ?'

ಬಸ್ಸು ಬೇಕಾದಷ್ಟಿವೆ. ಒಂದು ಸಲ ಹತ್ತಿಯೂ ಹೋದೆ. ಇಳಿದು, ಟೀ ಕುಡಿದು, ಎದುರಿನಿಂದ ಬಂದ ಬಸ್ಸಿನಲ್ಲಿ ವಾಪಸ್ಸು ಬಂದೆ.

ಈಸ್ಟರ್ ಕಳೆದ ಮೇಲೆ ತಾತ ಮಾರುಕಟ್ಟೆಯಲ್ಲಿ ಸಿಕ್ಕರು. 'ತಂಗಿ ಎಂಗವಳೆ? ಆ ವೊತ್ತು ಅತ್ಕೊಂಡು ಬಂದ್ಲು ಕಣಪ್ಪ. ನಂಗೇನೂ ಮನಸ್ನಲ್ಲಿಲ್ಲ, ಕ್ಷಮಿಸ್ಬುಟ್ಟಿವ್ನಿ ಅಂತ ಯೋಳು' ಎಂದರು. ತಪ್ಪು ಮಾಡದವಳಿಗೆ ಸಿಕ್ಕ ಆ ಕ್ಷಮೆಯನ್ನು ಜೇಬಿಗೆ ಹಾಕಿಕೊಂಡವನಂತೆ ತಲೆ ಆಡಿಸಿ ಬಂದೆ. ಅತ್ತದ್ದನ್ನು ಅವಳು ನನಗೆ ಹೇಳಿರಲಿಲ್ಲ.

ಮೊನ್ನೆ ತಂಗಿಯೇ ಫೋನ್ ಮಾಡಿದಳು. ಹಳೇ ರೆಕಾರ್ಡಿಂಗ್‌ಗಳನ್ನು ಉಳಿಸುವ ಕೆಲಸಕ್ಕೆ ನಗರದ ಒಂದು ಸಂಸ್ಥೆಯವರು ಅವಳನ್ನು ಕೇಳಿದ್ದರು. ಅಂಥ ಕೆಲಸ ಅವಳ ಆಸೆಯಾಗಿತ್ತು.

'ಬೇಡ ಅಂತ ಬರೀತಾ ಇದೀನಿ ಅಣ್ಣ' ಎಂದಳು. 'ನಾಳೆ ಉತ್ತರ ಕೊಡ್ಬೇಕು. ನಾನ್ ಮಾಡಿದ್ದು ಯಾವಾಗ ಏನ್ ನುಂಗುತ್ತೋ ನಂಗೇ ಗೊತ್ತಿಲ್ಲ. ನಿಂಗೊಂದು ಮಾತು ಹೇಳೋಣ ಅಂತ ಮಾಡ್ದೆ.'

'ಬರೀಬೇಡ. ಬತ್ತಾ ಇದೀನಿ' ಎಂದು ಅಂಗಡಿ ಬಾಗಿಲು ಎಳೆದೆ.

ಅವಳ ರೂಮಿನಲ್ಲಿ ಒಂದೇ ಕುರ್ಚಿ. ನನ್ನನ್ನು ಅದರಲ್ಲಿ ಕೂರಿಸಿ ಅವಳು ಮಂಚದ ಮೇಲೆ ಕೂತಳು. ತಲೆಗೂದಲಲ್ಲಿ ಬಿಳಿ ಕಾಣಿಸಿಕೊಂಡಿತ್ತು. ನಾನು ಬಾಣದಿಂದ ಶುರು ಮಾಡಿದೆ. ಅದು ಸುಲಭವಾಗಿತ್ತು. ಹೆಸರು ಕೇಳುವಾಗ ಬಾಣ ಒತ್ತಿದೆ, ಆ ಗುರುತು ಹೆಸರಿಗೆ ಸೇರಿತು, ತಾತನ ಸಾಲಿನ ಮೇಲೆ ಟೈಲರಮ್ಮನ ಸಾಲು ಕೂತಿತು ಎಂದೆ.

ಅವಳು ಎದ್ದು ಲ್ಯಾಪ್‌ಟಾಪ್ ತೆಗೆದು, ಅದರಲ್ಲಿದ್ದ ಅದೇ ಪ್ರೋಗ್ರಾಮಿನಲ್ಲಿ ಹಾಗೇ ಮಾಡಿ ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತು. 'ಅಯ್ಯೋ, ಹೌದಲ್ಲ ಅಣ್ಣ! ನೋಡು, ನೋಡು, ಹೆಂಗ್ ಕೂತ್ಕೊಂಡ್ಬುಡ್ತು! ನಾನು ಬೇರೆಯೋರ ಪೆನ್‌ಡ್ರೈವಿಂದ ಬರೋ ಕಸದ್ದೇ ಯೋಚ್ನೆ ಮಾಡ್ತಿದ್ದೆ. ಕೀಬೋರ್ಡಿಂದಾನೇ ಬರುತ್ತೆ ಅಂತ ಹೊಳೀಲೇ ಇಲ್ಲ. ಹೆಸರು ತಗೊಳೋವಾಗ್ಲೇ ನಾನು ತಡೀಬೇಕಿತ್ತು. ಕನ್ನಡ ಬಿಟ್ಟು ಸೋಸೋದನ್ನೂ ಆಮೇಲೆ ಅಂತ ಮುಂದಕ್ಕೆ ಹಾಕ್ದೆ. ನಂದೇ ತಪ್ಪು.'

ಹೀಗೆನ್ನುತ್ತಿದ್ದ ಅವಳ ಕೈ ಇದ್ದಕ್ಕಿದ್ದಂತೆ ನಿಂತಿತು. ಸೋಸಿದ ಪಟ್ಟಿ ಒತ್ತಿದಳು. ಎರಡು ಹೆಸರಿಗೆ ಎರಡು ಸಾಲು ಸರಿಯಾಗಿ ಬಂದವು. ಹುಬ್ಬು ಗಂಟಿಕ್ಕಿ ಮತ್ತೆ ಒತ್ತಿದಳು.

'ಇದ್ರಲ್ಲಿ ಕಾಣಿಸ್ತಾ ಇದ್ಯಲ್ಲ. ನೀನು ಅವತ್ತು ನೋಡ್ದಾಗ ಯಾಕೆ ಕಾಣಿಸ್ಲಿಲ್ಲ? ಸೋಸೋದ್ರಲ್ಲೂ ಎಲ್ಲೋ ತಪ್ಪಿದೆ ಹಂಗಾದ್ರೆ.' ಪರದೆಗೆ ಮುಖ ಹತ್ತಿರ ಮಾಡಿಕೊಂಡು ಮತ್ತೆ ಮೊದಲ ಸಾಲಿನಿಂದ ಬೆರಳಿಟ್ಟು ಓದತೊಡಗಿದಳು.

ಈಗಲೂ ಅವಳಿಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ಕಣ್ಣೆದುರು ಸರಿಯಾಗಿ ಕೆಲಸ ಮಾಡುತ್ತಿದ್ದ ತನ್ನ ಪ್ರೋಗ್ರಾಮನ್ನು ಬೇಕಾದರೆ ಅನುಮಾನಿಸಿಯಾಳು, ಅಣ್ಣನ ಮಾತನ್ನಲ್ಲ. ನಾನು ಕುರ್ಚಿಯಿಂದ ಎದ್ದೆ. ಲ್ಯಾಪ್‌ಟಾಪಿನ ಮೇಲಿದ್ದ ಅವಳ ಕೈ ಹಿಡಿದುಕೊಂಡೆ.

'ಹುಡುಕ್ಬೇಡ ಕಣಮ್ಮ. ಅದ್ರಲ್ಲಿ ತಪ್ಪಿಲ್ಲ. ನಾನು ಅವತ್ತು ಸೋಸಿದ ಪಟ್ಟಿ ನೋಡ್ಲೇ ಇಲ್ಲ. ನೀನು ಕೇಳ್ದಾಗ ನೋಡ್ದೆ ಅಂತ ಸುಳ್ಳು ಹೇಳ್ಬುಟ್ಟೆ. ತಾತನ ಹತ್ರಾನೂ ನಿನ್ನ ಮೇಲೇ ಹಾಕ್ದೆ. ನಾಳೆ ಅವ್ರ ಮನೆಗೆ ಹೋಗಿ ನಾನೇ ಹೇಳ್ತೀನಿ. ತಪ್ಪು ನಂದು, ನಿಂದಲ್ಲ. ಇಷ್ಟು ದಿನ ನಿನ್ನ ಕೈಲಿ ಹೊರಿಸ್ಬುಟ್ಟೆ. ನನ್ನನ್ನ ಕ್ಷಮಿಸ್ಬುಡಮ್ಮ.'